ಕಾಣದ ನೀರಿಗೆ ಜಾಡು ಹಿಡಿಯುವುದು: ಭೂಗರ್ಭದ ಬಿಸಿನೀರು ಹರಿಯುವ ದಾರಿಯನ್ನು ಅರಿಯುವ ವಿಧಾನ

ಬೇಸಿಗೆಯಲ್ಲಿ ಬತ್ತಿದ ಕೊಳವೆ ಬಾವಿಗೆ ಮಳೆಗಾಲದ ನೀರನ್ನು ಸೋಸಿ ಇಂಗಿಸುವ ಕೆಲಸವನ್ನು ಇಂದು ಅನೇಕ ರೈತರು ಕೈಗೊಳ್ಳುತ್ತಿದ್ದಾರೆ. ಇದು ಮೆಚ್ಚತಕ್ಕ ಕೆಲಸ. ಆದರೆ ಇಂಗಿಸಿದ ನೀರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಅದು ಅದೇ ಬಾವಿಯ ಸುತ್ತ ನಿಲ್ಲಬಹುದು, ಪಕ್ಕದ ಹೊಲದ ಬಾವಿಯಲ್ಲಿ ಏಳಬಹುದು, ಇಲ್ಲವೆ ಬಂಡೆಯ ಬಿರುಕು ಹಿಡಿದು ದೂರದ ಹಳ್ಳಕ್ಕೆ ಸೇರಬಹುದು. ನೆಲದ ಕೆಳಗಿನ ನೀರು ಕಣ್ಣಿಗೆ ಕಾಣುವುದಿಲ್ಲ. ಅದರ ದಾರಿಯನ್ನು ಊಹಿಸಬಹುದೇ ಹೊರತು ನೋಡಲಾಗುವುದಿಲ್ಲ.

ಇದೇ ಪ್ರಶ್ನೆ ಭೂಗರ್ಭದ ಬಿಸಿನೀರನ್ನು ಬಳಸುವ ನಾಡುಗಳಲ್ಲಿ ಇನ್ನೂ ತೀವ್ರವಾಗಿ ಎದುರಾಗುತ್ತದೆ. ಅಲ್ಲಿ ಮರಳಿ ಇಂಗಿಸುವ ನೀರು ತಣ್ಣೀರು. ಅದು ತಪ್ಪು ದಾರಿ ಹಿಡಿದರೆ ಕೋಟ್ಯಂತರ ರೂಪಾಯಿ ಬೆಲೆಯ ಬಿಸಿನೀರಿನ ಬಾವಿ ತಣ್ಣಗಾಗಿ ಕೆಡುತ್ತದೆ. ಆದ್ದರಿಂದ ಅಲ್ಲಿನ ತಜ್ಞರು ನೀರಿನೊಂದಿಗೆ ಗುರುತು ಹಿಡಿಯಬಲ್ಲ ರಾಸಾಯನಿಕವೊಂದನ್ನು ಕಳುಹಿಸಿ, ಅದು ಎಲ್ಲಿ, ಯಾವಾಗ, ಎಷ್ಟು ಹೊರಬರುತ್ತದೆ ಎಂಬುದನ್ನು ಅಳೆದು ದಾರಿಯನ್ನು ತಿಳಿಯುತ್ತಾರೆ. ಇಂಥ ರಾಸಾಯನಿಕಕ್ಕೆ ಟ್ರೇಸರ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಜಾಡು ವಸ್ತು ಎಂದು ಕರೆಯಲಾಗಿದೆ. ಈ ವಿಧಾನದ ತತ್ವವನ್ನು ತಿಳಿದರೆ ನಮ್ಮ ಬಾವಿಗಳ ಬಗೆಗೂ ಕೆಲವು ಉಪಯುಕ್ತ ಪಾಠಗಳು ದೊರೆಯುತ್ತವೆ.

ಭೂಶಾಖದ ನೆಲೆ ಎಂದರೇನು?

ಭೂಮಿಯ ಆಳಕ್ಕೆ ಹೋದಂತೆ ಶಾಖ ಹೆಚ್ಚುತ್ತದೆ. ಸಾಧಾರಣ ಪ್ರದೇಶಗಳಲ್ಲಿ ಪ್ರತಿ ಕಿಲೋಮೀಟರ್ ಆಳಕ್ಕೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಕೆ ಕಂಡುಬರುತ್ತದೆ. ಜ್ವಾಲಾಮುಖಿಗಳಿರುವ ಇಲ್ಲವೆ ಭೂಪದರಗಳು ಚಲಿಸುವ ಪ್ರದೇಶಗಳಲ್ಲಿ ಈ ಏರಿಕೆ ಬಹಳ ಹೆಚ್ಚು. ಮಳೆಯ ನೀರು ಬಿರುಕುಗಳ ಮೂಲಕ ಆಳಕ್ಕಿಳಿದು, ಕಾದ ಬಂಡೆಗೆ ತಾಗಿ ಬಿಸಿಯಾಗಿ ಮೇಲೇರುತ್ತದೆ. ಕೆಲವೆಡೆ ಅದು ಬಿಸಿನೀರಿನ ಬುಗ್ಗೆಯಾಗಿ ಚಿಮ್ಮುತ್ತದೆ. ಲಡಾಖಿನ ಪುಗಾ ಕಣಿವೆ, ಹಿಮಾಚಲ ಪ್ರದೇಶದ ಮಣಿಕರಣ್, ಛತ್ತೀಸಗಢದ ತತ್ತಾಪಾನಿ ನಮ್ಮ ದೇಶದ ಪ್ರಸಿದ್ಧ ಬಿಸಿನೀರಿನ ತಾಣಗಳು. ಕರ್ನಾಟಕದಲ್ಲಿ ಪುತ್ತೂರಿನ ಬಳಿಯ ಇರ್ದೆಯಲ್ಲಿರುವ ಬೆಂದ್ರ್ ತೀರ್ಥವು ಬೆಚ್ಚನೆಯ ನೀರಿನ ಚಿಲುಮೆಯೆಂದು ಹೆಸರಾಗಿದೆ.

ಇಂಥ ನೆಲೆಗಳಲ್ಲಿ ಆಳವಾದ ಬಾವಿ ಕೊರೆದು ಬಿಸಿನೀರನ್ನೋ ಹಬೆಯನ್ನೋ ಮೇಲೆತ್ತಬಹುದು. ಹಬೆಯಿಂದ ವಿದ್ಯುತ್ ತಯಾರಿಸಬಹುದು. ಬಿಸಿನೀರಿನಿಂದ ಚಳಿನಾಡಿನ ಮನೆಗಳನ್ನು ಬೆಚ್ಚಗಿಡಬಹುದು, ಗಾಜಿನ ಮನೆಗಳಲ್ಲಿ ತರಕಾರಿ ಬೆಳೆಯಬಹುದು. ನ್ಯೂಜಿಲೆಂಡಿನ ವೈರಾಕೈ ಎಂಬಲ್ಲಿ 1958ರಿಂದ ಹೀಗೆ ವಿದ್ಯುತ್ ಉತ್ಪಾದನೆ ನಡೆದಿದೆ.

ತೆಗೆದ ನೀರನ್ನು ಮರಳಿಸುವುದು ಏಕೆ?

ಮೇಲೆತ್ತುವ ನೀರು ಇಂಗುವ ನೀರಿಗಿಂತ ಹೆಚ್ಚಾದರೆ ಯಾವ ಬಾವಿಯೂ ಉಳಿಯುವುದಿಲ್ಲ. ಕೊಳವೆ ಬಾವಿಗಳನ್ನು ನಂಬಿದ ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಗೀಸರ್ಸ್ ಎಂಬ ದೊಡ್ಡ ಹಬೆಯ ನೆಲೆಯಲ್ಲೂ ಇದೇ ನಡೆಯಿತು. 1960ರಲ್ಲಿ ಅಲ್ಲಿ ಮೊದಲ ವಿದ್ಯುತ್ ಘಟಕ ಆರಂಭವಾಯಿತು. ಒಂದರ ಮೇಲೊಂದು ಬಾವಿ ಕೊರೆಯುತ್ತ ಹೋದಂತೆ ಉತ್ಪಾದನೆ ಏರಿ, 1987ರ ಸುಮಾರಿಗೆ ಶಿಖರ ಮುಟ್ಟಿತು. ಅನಂತರ ಹಬೆಯ ಒತ್ತಡ ಕುಸಿದು ಉತ್ಪಾದನೆ ವೇಗವಾಗಿ ಇಳಿಯಿತು. ಬಂಡೆಯಲ್ಲಿ ಶಾಖ ಸಾಕಷ್ಟಿತ್ತು, ಆದರೆ ಹಬೆಯಾಗಲು ನೀರೇ ಇರಲಿಲ್ಲ. ಕೊನೆಗೆ 1997ರಿಂದ ಒಂದು ಕಡೆಯ, 2003ರಿಂದ ಸಾಂಟಾ ರೋಸಾ ನಗರದ ಶುದ್ಧೀಕರಿಸಿದ ಕೊಳಚೆ ನೀರನ್ನು ಕೊಳವೆ ಮಾರ್ಗಗಳಲ್ಲಿ ತಂದು ನೆಲದೊಳಗೆ ಬಿಡಲಾಯಿತು. ಸಾಂಟಾ ರೋಸಾದಿಂದ ಬಂದ ನೀರೇ ಆರಂಭದಲ್ಲಿ ದಿನಕ್ಕೆ ಸುಮಾರು 4 ಕೋಟಿ ಲೀಟರ್‌ನಷ್ಟಿತ್ತು. ಈ ಮರುಪೂರಣದಿಂದ ಉತ್ಪಾದನೆಯ ಇಳಿತ ಹತೋಟಿಗೆ ಬಂದಿತು.

ಮರುಪೂರಣಕ್ಕೆ ಇನ್ನೊಂದು ಕಾರಣವೂ ಇದೆ. ಆಳದ ಬಿಸಿನೀರಿನಲ್ಲಿ ಉಪ್ಪು, ಬೋರಾನ್, ಆರ್ಸೆನಿಕ್ ಮುಂತಾದ ವಸ್ತುಗಳು ಕರಗಿರುವುದುಂಟು. ಅದನ್ನು ಹಳ್ಳಕ್ಕೋ ನದಿಗೋ ಬಿಟ್ಟರೆ ಕೆಳಭಾಗದ ಬೆಳೆಗಳಿಗೂ ಕುಡಿಯುವ ನೀರಿಗೂ ಹಾನಿ. ಬಂದಲ್ಲಿಗೇ ಮರಳಿಸುವುದು ಕ್ಷೇಮ.

ಮರುಪೂರಣದಲ್ಲಿರುವ ಅಪಾಯ

ಮರುಪೂರಣದ ಬಾವಿಗೂ ಉತ್ಪಾದನೆಯ ಬಾವಿಗೂ ನಡುವೆ ಒಂದು ನೇರವಾದ, ಅಗಲವಾದ ಬಿರುಕು ಇದೆಯೆಂದು ಭಾವಿಸೋಣ. ತಣ್ಣೀರು ಆ ಬಿರುಕಿನಲ್ಲಿ ವೇಗವಾಗಿ ಹರಿದು, ಸುತ್ತಲಿನ ಬಂಡೆಯಿಂದ ಶಾಖವನ್ನು ಹೀರಲು ಸಮಯವೇ ಸಿಗದೆ ಉತ್ಪಾದನೆಯ ಬಾವಿಗೆ ನುಗ್ಗುತ್ತದೆ. ಉದಾಹರಣೆಗೆ, ಸೆಕೆಂಡಿಗೆ 20 ಲೀಟರ್ ನೀರು ಕೊಡುವ ಬಾವಿಯೊಂದರಲ್ಲಿ 15 ಲೀಟರ್ 95 ಡಿಗ್ರಿಯ ನೀರು, 5 ಲೀಟರ್ 20 ಡಿಗ್ರಿಯ ನೀರು ಸೇರಿದರೆ ಹೊರಬರುವ ನೀರಿನ ಶಾಖ ಸುಮಾರು 76 ಡಿಗ್ರಿಗೆ ಇಳಿಯುತ್ತದೆ. ಒಮ್ಮೆ ತಣ್ಣಗಾದ ಬಿರುಕಿನ ಬಂಡೆ ಮತ್ತೆ ಕಾಯಲು ವರ್ಷಗಳೇ ಬೇಕಾಗಬಹುದು.

ಇದು ಕೇವಲ ಲೆಕ್ಕದ ಮಾತಲ್ಲ. ಫಿಲಿಪ್ಪೀನ್ಸ್ ದೇಶದ ನೀಗ್ರೋಸ್ ದ್ವೀಪದ ಪಾಲಿನ್‌ಪಿನೊನ್ ನೆಲೆಯಲ್ಲಿ 1983ರಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆ ಆರಂಭವಾಯಿತು. ಹಬೆಯನ್ನು ಬೇರ್ಪಡಿಸಿ ಉಳಿದ ನೀರನ್ನು ಹತ್ತಿರದ ಬಾವಿಗಳಿಗೆ ಮರಳಿಸಲಾಗುತ್ತಿತ್ತು. ಕಾಲಕ್ರಮದಲ್ಲಿ ಕೆಲವು ಉತ್ಪಾದನಾ ಬಾವಿಗಳ ನೀರಿನಲ್ಲಿ ಕ್ಲೋರೈಡ್ ಉಪ್ಪಿನ ಅಂಶ ಏರತೊಡಗಿತು. ಇದರ ಕಾರಣವನ್ನು ಆಲೆಮನೆ ನೋಡಿದವರು ಸುಲಭವಾಗಿ ಗ್ರಹಿಸಬಲ್ಲರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಹಬೆ ಹೋದಷ್ಟೂ ಉಳಿದುದರಲ್ಲಿ ಸಿಹಿ ಗಟ್ಟಿಯಾಗುತ್ತದೆ. ಹಾಗೆಯೇ ಹಬೆ ತೆಗೆದ ನೀರಿನಲ್ಲಿ ಉಪ್ಪು ಹೆಚ್ಚು ಸಾಂದ್ರವಾಗಿರುತ್ತದೆ. ಬಾವಿಯ ನೀರಿನಲ್ಲಿ ಉಪ್ಪು ಏರಿತೆಂದರೆ ಮರಳಿಸಿದ ನೀರು ಅಲ್ಲಿಗೆ ಬಂದು ಸೇರುತ್ತಿದೆ ಎಂದೇ ಅರ್ಥ. ಉಪ್ಪಿನ ಹಿಂದೆಯೇ ತಂಪೂ ಬಂದಿತು. ಕೊನೆಗೆ ಮರುಪೂರಣವನ್ನು ಉತ್ಪಾದನೆಯ ಪ್ರದೇಶದಿಂದ ದೂರದ ಬಾವಿಗಳಿಗೆ ಬದಲಾಯಿಸಬೇಕಾಯಿತು.

ಇಲ್ಲಿ ಉಪ್ಪು ತಾನಾಗಿಯೇ ಜಾಡು ವಸ್ತುವಿನ ಕೆಲಸ ಮಾಡಿತು. ಆದರೆ ಹಾನಿ ತೋರುವ ತನಕ ಕಾಯುವುದಕ್ಕಿಂತ ಮೊದಲೇ ಜಾಡು ವಸ್ತುವನ್ನು ಬಿಟ್ಟು ಪರೀಕ್ಷಿಸುವುದು ಜಾಣತನ.

ಜಾಡು ವಸ್ತುವಿನ ಹಿನ್ನೆಲೆ

ಈ ವಿಧಾನ ಹೊಸದಲ್ಲ. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ಒಂದೆಡೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ ಮಾಯವಾಗುತ್ತದೆ. ಸುಮಾರು 12 ಕಿಲೋಮೀಟರ್ ದೂರದಲ್ಲಿ ಆಖ್ ಎಂಬ ದೊಡ್ಡ ಬುಗ್ಗೆ ಇದೆ. ಎರಡೂ ಒಂದೇ ನೀರೇ ಎಂಬುದು ವಿವಾದದ ವಿಷಯವಾಗಿತ್ತು. 1877ರಲ್ಲಿ ನದಿ ಇಂಗುವ ಸ್ಥಳದಲ್ಲಿ 10 ಕಿಲೋ ಫ್ಲೋರೆಸೀನ್ ಎಂಬ ಬಣ್ಣವನ್ನು ಬಿಡಲಾಯಿತು. ಸುಮಾರು ಎರಡೂವರೆ ದಿನಗಳ ನಂತರ ಆಖ್ ಬುಗ್ಗೆಯ ನೀರು ಹೊಳೆಯುವ ಹಸಿರು ಬಣ್ಣ ತಾಳಿತು. ವಿವಾದ ಅಲ್ಲಿಗೆ ಬಗೆಹರಿಯಿತು.

ಕೃಷಿ ವಿಜ್ಞಾನದಲ್ಲೂ ಜಾಡು ವಸ್ತುವಿನ ಬಳಕೆ ಬಹುಕಾಲದಿಂದ ಇದೆ. ಹಾಕಿದ ಗೊಬ್ಬರದಲ್ಲಿ ಎಷ್ಟು ಪಾಲು ಬೆಳೆಗೆ ಸೇರಿತು ಎಂಬುದನ್ನು ಅರಿಯಲು ವಿಕಿರಣಶೀಲ ರಂಜಕ-32 ಮತ್ತು ಗುರುತಿಸಬಲ್ಲ ಸಾರಜನಕ-15 ಇವುಗಳನ್ನು ಪ್ರಯೋಗಗಳಲ್ಲಿ ಉಪಯೋಗಿಸಲಾಗಿದೆ.

ಒಳ್ಳೆಯ ಜಾಡು ವಸ್ತುವಿನ ಲಕ್ಷಣಗಳು

1. ಅದು ಅಲ್ಲಿಯ ನೀರಿನಲ್ಲಿ ಸ್ವಾಭಾವಿಕವಾಗಿ ಇರಬಾರದು, ಇದ್ದರೂ ಅತ್ಯಲ್ಪವಿರಬೇಕು.

2. ಅತಿ ಕಡಿಮೆ ಪ್ರಮಾಣದಲ್ಲಿದ್ದರೂ ಅಳೆಯಲು ಬರಬೇಕು. ಫ್ಲೋರೆಸೀನ್ ಬಣ್ಣವನ್ನು ನೂರು ಕೋಟಿ ಭಾಗ ನೀರಿನಲ್ಲಿ ಒಂದು ಭಾಗವಿದ್ದರೂ ಉಪಕರಣದಿಂದ ಗುರುತಿಸಬಹುದು.

3. ಬಂಡೆಗೂ ಜೇಡಿಗೂ ಅಂಟಿಕೊಳ್ಳದೆ ನೀರಿನೊಂದಿಗೇ ಸಾಗಬೇಕು. ಮಣ್ಣಿನಲ್ಲಿ ರಂಜಕ ಹಾಕಿದಲ್ಲೇ ನಿಲ್ಲುತ್ತದೆ, ನೈಟ್ರೇಟ್ ಮಾತ್ರ ನೀರಿನೊಂದಿಗೆ ಬಸಿದು ಹೋಗುತ್ತದೆ ಎಂಬುದು ರೈತರಿಗೆ ತಿಳಿದಿದೆ. ಜಾಡು ವಸ್ತು ನೈಟ್ರೇಟಿನಂತೆ ಇರಬೇಕು. ಜೇಡಿಯ ಕಣಗಳು ಋಣ ವಿದ್ಯುದಂಶ ಹೊಂದಿರುವುದರಿಂದ ಅದೇ ಜಾತಿಯ ಅಯೋಡೈಡ್, ಬ್ರೋಮೈಡ್, ಕ್ಲೋರೈಡ್‌ಗಳನ್ನು ಹಿಡಿದಿಡುವುದಿಲ್ಲ. ಆದ್ದರಿಂದ ಇವು ಈ ಕೆಲಸಕ್ಕೆ ಹೊಂದುತ್ತವೆ.

4. ಆಳದ ಶಾಖದಲ್ಲಿ ಕೆಡಬಾರದು. ಫ್ಲೋರೆಸೀನ್ 100 ಡಿಗ್ರಿಯ ಆಸುಪಾಸಿನ ನೆಲೆಗಳಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಬಹಳ ಬಿಸಿಯಾದ ನೆಲೆಗಳಲ್ಲಿ ಒಡೆದುಹೋಗುತ್ತದೆ. ಅಂಥಲ್ಲಿ ಹೆಚ್ಚು ಶಾಖ ತಡೆಯುವ ನ್ಯಾಫ್ತಲೀನ್ ಸಲ್ಫೊನೇಟ್‌ಗಳನ್ನು ಬಳಸುತ್ತಾರೆ. ಇವುಗಳಲ್ಲಿ ಹಲವು ಬಗೆಗಳಿರುವುದರಿಂದ ಒಂದೊಂದು ಬಾವಿಗೆ ಒಂದೊಂದನ್ನು ಏಕಕಾಲಕ್ಕೆ ಬಿಟ್ಟು ಪರೀಕ್ಷಿಸಬಹುದು.

5. ವಿಷಕಾರಿಯಾಗಿರಬಾರದು ಮತ್ತು ಬೆಲೆ ಮಿತವಾಗಿರಬೇಕು.

ನ್ಯೂಜಿಲೆಂಡಿನ ವೈರಾಕೈಯಲ್ಲಿ ವಿಕಿರಣಶೀಲ ಅಯೋಡಿನ್-131 ಬಳಸಿ ಪ್ರಯೋಗ ನಡೆಸಲಾಗಿತ್ತು. ಅದು 8 ದಿನಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ಬೇಗ ಹರಿಯುವ ನೀರಿಗೆ ಮಾತ್ರ ಸೂಕ್ತ. ತಿಂಗಳುಗಟ್ಟಲೆ ನಡೆಯುವ ಪರೀಕ್ಷೆಗೆ ಒದಗುವುದಿಲ್ಲ. ನೀರಿಲ್ಲದೆ ಬರೀ ಹಬೆಯಿರುವ ಗೀಸರ್ಸ್‌ನಂಥ ನೆಲೆಗಳಲ್ಲಿ ನೀರಿನಲ್ಲಿ ಉಳಿಯುವ ಬಣ್ಣ ಪ್ರಯೋಜನಕ್ಕೆ ಬಾರದು. ಅಲ್ಲಿ ಟ್ರೀಟಿಯಮ್ ಸೇರಿದ ನೀರನ್ನು ಹಾಗೂ ಶೀತಕ ಯಂತ್ರಗಳಲ್ಲಿ ಬಳಸುವ ಕೆಲವು ಅನಿಲಗಳನ್ನು ಉಪಯೋಗಿಸಲಾಗಿದೆ.

ಪರೀಕ್ಷೆ ನಡೆಸುವ ಕ್ರಮ

ಮೊದಲು ಸುತ್ತಲಿನ ಎಲ್ಲ ಬಾವಿಗಳ ನೀರಿನ ಮಾದರಿ ತೆಗೆದು, ಆರಿಸಿದ ವಸ್ತು ಅವುಗಳಲ್ಲಿ ಮೊದಲೇ ಎಷ್ಟಿದೆ ಎಂದು ನೋಡಬೇಕು. ಎತ್ತುವ ನೀರಿನ ಹಾಗೂ ಮರಳಿಸುವ ನೀರಿನ ಪ್ರಮಾಣವನ್ನು ಸ್ಥಿರವಾಗಿ ಇಡಬೇಕು. ಅನಂತರ ತೂಗಿದ ಜಾಡು ವಸ್ತುವನ್ನು ನೀರಿನಲ್ಲಿ ಕರಗಿಸಿ, ಮರುಪೂರಣದ ಬಾವಿಗೆ ಒಮ್ಮೆಗೇ ಬಿಡಬೇಕು. ಮೊದಲ ದಿನಗಳಲ್ಲಿ ಕೆಲವು ಗಂಟೆಗಳಿಗೊಮ್ಮೆ, ಆಮೇಲೆ ದಿನಕ್ಕೊಮ್ಮೆ, ಮುಂದೆ ವಾರಕ್ಕೊಮ್ಮೆ ಉತ್ಪಾದನೆಯ ಬಾವಿಗಳಿಂದ ಮಾದರಿ ಸಂಗ್ರಹಿಸಬೇಕು. ಫ್ಲೋರೆಸೀನ್ ಬಿಸಿಲಿಗೆ ಕೆಡುವುದರಿಂದ ಮಾದರಿಗಳನ್ನು ಬೆಳಕು ತಾಗದ ಸೀಸೆಗಳಲ್ಲಿ ಇಡಬೇಕು. ಪ್ರತಿ ಸೀಸೆಯ ಮೇಲೂ ಬಾವಿ, ದಿನಾಂಕ, ವೇಳೆ ಬರೆಯುವುದನ್ನು ಮರೆಯಬಾರದು.

ಪ್ರಯೋಗಾಲಯದಲ್ಲಿ ಬಂದ ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಅಡಿಯಲ್ಲಿ ದಿನಗಳೂ ಪಕ್ಕದಲ್ಲಿ ಜಾಡು ವಸ್ತುವಿನ ಪ್ರಮಾಣವೂ ಬರುತ್ತದೆ. ಗೆರೆ ಸ್ವಲ್ಪ ಕಾಲ ನೆಲಕ್ಕಂಟಿ ಸಾಗಿ, ಏರಿ, ಶಿಖರ ಮುಟ್ಟಿ, ನಿಧಾನವಾಗಿ ಇಳಿಯುತ್ತದೆ. ಈ ಒಂದು ಗೆರೆಯಲ್ಲೇ ದಾರಿಯ ಕಥೆಯೆಲ್ಲ ಅಡಗಿದೆ.

ಲೆಕ್ಕ ಹಾಕುವ ಬಗೆ

ಉದಾಹರಣೆಗೆ, 10 ಕಿಲೋ ಜಾಡು ವಸ್ತುವನ್ನು ಬಿಡಲಾಗಿದೆ ಎಂದಿಟ್ಟುಕೊಳ್ಳೋಣ. ಉತ್ಪಾದನೆಯ ಬಾವಿ ಸೆಕೆಂಡಿಗೆ 20 ಲೀಟರ್, ಅಂದರೆ ದಿನಕ್ಕೆ 17,28,000 ಲೀಟರ್ ನೀರು ಕೊಡುತ್ತದೆ. ಆ ನೀರಿನಲ್ಲಿ ಲೀಟರಿಗೆ ಸರಾಸರಿ 10 ಮೈಕ್ರೋಗ್ರಾಂ ಜಾಡು ವಸ್ತು ಇದ್ದರೆ ದಿನಕ್ಕೆ ಹೊರಬರುವುದು 17.28 ಗ್ರಾಂ. ಹೀಗೆ 100 ದಿನ ನಡೆದರೆ 1,728 ಗ್ರಾಂ, ಅಂದರೆ ಬಿಟ್ಟಿದ್ದರಲ್ಲಿ ಶೇಕಡ 17ರಷ್ಟು ಮರಳಿತು. ಇದರಿಂದ, ಇಂಗಿಸಿದ ನೀರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ಆ ಅವಧಿಯಲ್ಲಿ ಈ ಬಾವಿಗೆ ತಲುಪಿತು, ಉಳಿದದ್ದು ಬೇರೆಡೆಗೆ ಹೋಯಿತು ಇಲ್ಲವೆ ಆಳದ ನೀರಿನಲ್ಲಿ ಬೆರೆತು ನಿಂತಿತು ಎಂದು ತಿಳಿಯಬಹುದು.

ನಕ್ಷೆಯಲ್ಲಿ ಮುಖ್ಯವಾಗಿ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ಎಷ್ಟು ದಿನಕ್ಕೆ ಬಂದಿತು ಎಂಬುದು. ಬೇಗ ಬಂದರೆ ದಾರಿ ನೇರ.

ಎರಡನೆಯದು, ಎಷ್ಟು ಪಾಲು ಬಂದಿತು ಎಂಬುದು. ಬೇಗ ಬಂದರೂ ಅತಿ ಕಡಿಮೆ ಪಾಲು ಬಂದಿದ್ದರೆ ಅಂಜಬೇಕಾಗಿಲ್ಲ. ಬೇಗ ಬಂದು ಹೆಚ್ಚು ಪಾಲೂ ಬಂದರೆ ಅದು ಅಪಾಯದ ಸೂಚನೆ.

ಮೂರನೆಯದು, ಗೆರೆಯ ಆಕಾರ. ಚೂಪಾದ ಶಿಖರವಿದ್ದರೆ ನೀರು ಇಕ್ಕಟ್ಟಾದ ಒಂದೇ ದಾರಿಯಲ್ಲಿ ಹರಿಯುತ್ತಿದೆ. ತಗ್ಗಾಗಿ, ಅಗಲವಾಗಿ ಹರಡಿದ್ದರೆ ಅನೇಕ ಸಣ್ಣ ಬಿರುಕುಗಳಲ್ಲಿ ಚದುರಿ, ವಿಶಾಲವಾದ ಬಂಡೆಗೆ ತಾಗಿ, ಶಾಖ ಹೀರಿಕೊಂಡು ಬರುತ್ತಿದೆ. ಎರಡನೆಯದೇ ಬೇಕಾದ ಸ್ಥಿತಿ.

ಇಲ್ಲಿ ಒಂದು ಮುಖ್ಯ ವಿಷಯವಿದೆ. ಜಾಡು ವಸ್ತು ಬಂದ ದಿನವೇ ತಂಪು ಬರುವುದಿಲ್ಲ. ಹರಿಯುವ ನೀರಿಗೆ ದಾರಿಯುದ್ದಕ್ಕೂ ಬಂಡೆ ಶಾಖ ಕೊಡುತ್ತಿರುತ್ತದೆ. ದಾರಿಯ ಬಂಡೆ ತಣ್ಣಗಾದ ಮೇಲಷ್ಟೇ ತಂಪು ಬಾವಿಯನ್ನು ಮುಟ್ಟುತ್ತದೆ. ಬಣ್ಣ ದಿನಗಳಲ್ಲಿ ಬಂದರೆ ತಂಪು ತಿಂಗಳುಗಳ ಇಲ್ಲವೆ ವರ್ಷಗಳ ನಂತರ ಬರಬಹುದು. ಈ ಅಂತರವೇ ಪರೀಕ್ಷೆಯ ನಿಜವಾದ ಲಾಭ. ಬಾವಿ ಕೆಡುವ ಮೊದಲೇ ಎಚ್ಚರಿಕೆ ಸಿಗುತ್ತದೆ. ಮರುಪೂರಣದ ಪ್ರಮಾಣವನ್ನು ತಗ್ಗಿಸಲು ಅಥವಾ ಬೇರೆ ಬಾವಿಗೆ ಬದಲಾಯಿಸಲು ಕಾಲಾವಕಾಶ ದೊರೆಯುತ್ತದೆ.

ಐಸ್‌ಲೆಂಡಿನ ಒಂದು ನಿದರ್ಶನ

ಐಸ್‌ಲೆಂಡ್ ದ್ವೀಪದ ಉತ್ತರ ಭಾಗದಲ್ಲಿ ಆಕುರೇರಿ ಎಂಬ ಪಟ್ಟಣವಿದೆ. 1970ರ ದಶಕದ ಕೊನೆಯಿಂದ ಅಲ್ಲಿನ ಮನೆಗಳನ್ನು ಭೂಗರ್ಭದ ಬಿಸಿನೀರಿನಿಂದ ಬೆಚ್ಚಗಿಡಲಾಗುತ್ತಿದೆ. ಇದರ ಒಂದು ಮುಖ್ಯ ಮೂಲ ಪಟ್ಟಣದ ದಕ್ಷಿಣಕ್ಕೆ ಸುಮಾರು 12 ಕಿಲೋಮೀಟರ್ ದೂರದ ಲೌಗಾಲ್ಯಾಂಡ್. ನೀರಿನ ಶಾಖ 95 ಡಿಗ್ರಿಯ ಆಸುಪಾಸು.

ಈ ನೆಲೆಯ ಬಂಡೆ ಬಸಾಲ್ಟ್. ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಕಪ್ಪು ಮಣ್ಣಿನ ಕೆಳಗೆ ಸಿಗುವ ಲಾವಾ ಕಲ್ಲಿನ ಜಾತಿಯೇ ಅದೂ ಸಹ. ಇಂಥ ಕಲ್ಲಿನಲ್ಲಿ ನೀರು ಎಲ್ಲೆಡೆಯೂ ಇರದೆ ಬಿರುಕುಗಳಲ್ಲೂ ಪದರಗಳ ನಡುವಿನ ಸಂದುಗಳಲ್ಲೂ ಮಾತ್ರ ಇರುತ್ತದೆ ಎಂಬುದು ಆ ಜಿಲ್ಲೆಗಳ ರೈತರ ಅನುಭವ. ಲೌಗಾಲ್ಯಾಂಡಿನಲ್ಲೂ ಶಾಖ ಹೇರಳವಾಗಿತ್ತು, ನೀರು ಮಾತ್ರ ಕಡಿಮೆ. ಪಂಪು ಮಾಡಿದಂತೆ ಮಟ್ಟ ಬಹಳ ಆಳಕ್ಕೆ ಕುಸಿಯಿತು. ಎತ್ತುವ ನೀರನ್ನು ಕಡಿಮೆ ಮಾಡಬೇಕಾಯಿತು.

1997ರಿಂದ 1999ರವರೆಗೆ ಅಲ್ಲಿ ಮರುಪೂರಣದ ಪ್ರಯೋಗ ನಡೆಯಿತು. ಪಟ್ಟಣದ ಮನೆಗಳನ್ನು ಬೆಚ್ಚಗಾಗಿಸಿ ತಣಿದ ನೀರನ್ನೇ ಕೊಳವೆಯಲ್ಲಿ ಮರಳಿ ತಂದು ನೆಲದೊಳಗೆ ಬಿಡಲಾಯಿತು. ಬಾವಿಗಳು ತಣ್ಣಗಾದರೆ ಚಳಿಗಾಲದಲ್ಲಿ ಪಟ್ಟಣದ ಮನೆಗಳಿಗೇ ತೊಂದರೆಯಾಗುವುದರಿಂದ, ಜೊತೆಯಲ್ಲಿ ಫ್ಲೋರೆಸೀನ್ ಮುಂತಾದ ಜಾಡು ವಸ್ತುಗಳ ಪರೀಕ್ಷೆಯನ್ನೂ ನಡೆಸಲಾಯಿತು.

ನೀರು ಎರಡು ಬಗೆಯಲ್ಲಿ ಸಾಗುತ್ತದೆ ಎಂದು ಕಂಡುಬಂದಿತು. ಸ್ವಲ್ಪ ಭಾಗ ಚಿಕ್ಕ, ನೇರ ದಾರಿಗಳಲ್ಲಿ ಬೇಗನೆ ಉತ್ಪಾದನೆಯ ಬಾವಿಗೆ ತಲುಪುತ್ತದೆ. ಹೆಚ್ಚಿನ ಭಾಗ ನೆಲೆಯ ವಿಶಾಲ ಭಾಗದಲ್ಲಿ ಹರಡಿ, ಬೆರೆತು, ನಿಧಾನವಾಗಿ ಸಾಗುತ್ತದೆ. ನೇರ ದಾರಿಯ ಪಾಲು ಕಡಿಮೆಯಿದ್ದುದರಿಂದ ತಂಪಾಗುವಿಕೆ ನಿಧಾನವೂ ಅಲ್ಪವೂ ಆಗಿರುತ್ತದೆ ಎಂದು ಲೆಕ್ಕ ಹಾಕಲಾಯಿತು. ಮರಳಿಸಿದ ನೀರಿನಿಂದ ಕುಸಿದಿದ್ದ ಮಟ್ಟವೂ ಚೇತರಿಸಿಕೊಂಡಿತು. ಹೀಗಾಗಿ ಮರುಪೂರಣವನ್ನು ಆ ನೆಲೆಯ ನಿರ್ವಹಣೆಯ ಅಂಗವಾಗಿ ಮುಂದುವರಿಸಲಾಯಿತು. ಪರೀಕ್ಷೆಯಿಲ್ಲದೆ ಹೋಗಿದ್ದರೆ ಹೆದರಿಕೆಯಿಂದ ಮರುಪೂರಣವನ್ನು ಕೈಬಿಡಬೇಕಾಗುತ್ತಿತ್ತು, ಇಲ್ಲವೆ ಕಣ್ಣುಮುಚ್ಚಿ ಮುಂದುವರಿಯಬೇಕಾಗುತ್ತಿತ್ತು.

ವಿಧಾನದ ಮಿತಿಗಳು

ಜಾಡು ವಸ್ತು ಬಾರದಿದ್ದ ಮಾತ್ರಕ್ಕೆ ದಾರಿಯೇ ಇಲ್ಲವೆಂದು ತೀರ್ಮಾನಿಸಬಾರದು. ಅದು ಬಂಡೆಗೆ ಅಂಟಿರಬಹುದು, ಶಾಖದಲ್ಲಿ ಕೆಟ್ಟಿರಬಹುದು, ಮಾದರಿ ತೆಗೆಯುವುದನ್ನು ಬೇಗ ನಿಲ್ಲಿಸಿರಬಹುದು. ಪಂಪು ಮಾಡುವ ಪ್ರಮಾಣ ಬದಲಾದರೆ ಹರಿವಿನ ದಾರಿಯೂ ಬದಲಾಗುತ್ತದೆ. ಹೊಸ ಬಾವಿ ಕೊರೆದರೆ ಹಳೆಯ ಪರೀಕ್ಷೆಯ ಫಲಿತಾಂಶ ಹಾಗೆಯೇ ಅನ್ವಯಿಸುವುದಿಲ್ಲ.

ನಮ್ಮ ರೈತರಿಗೆ ಇದರ ಪಾಠ

ನಮ್ಮ ದೇಶದಲ್ಲಿಯೂ ಜಾಡು ವಸ್ತುವಿನಿಂದ ಅಂತರ್ಜಲವನ್ನು ಅಭ್ಯಸಿಸಲಾಗಿದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಳೆಗಾಲಕ್ಕೆ ಮುನ್ನ ಬೇರುಗಳ ವಲಯದ ಕೆಳಗೆ ಅಲ್ಪ ಪ್ರಮಾಣದ ಟ್ರೀಟಿಯಮ್ ಇರಿಸಿ, ಮಳೆಗಾಲ ಮುಗಿದ ಮೇಲೆ ಮಣ್ಣನ್ನು ಪದರ ಪದರವಾಗಿ ತೆಗೆದು, ಅದು ಎಷ್ಟು ಕೆಳಗಿಳಿದಿದೆ ಎಂದು ಅಳೆದು ಮಳೆಯ ಎಷ್ಟು ಪಾಲು ಇಂಗಿತೆಂದು ಅನೇಕ ಕಡೆ ಲೆಕ್ಕ ಹಾಕಿದ್ದಾರೆ. ಗಟ್ಟಿ ಶಿಲೆಯ ಪ್ರದೇಶಗಳಲ್ಲಿ ಬಿದ್ದ ಮಳೆಯ ಸಣ್ಣ ಪಾಲು ಮಾತ್ರ ಅಂತರ್ಜಲಕ್ಕೆ ಸೇರುತ್ತದೆ ಎಂಬುದು ಇಂಥ ಅಧ್ಯಯನಗಳಿಂದ ದೃಢಪಟ್ಟಿದೆ.

ಇಂಥ ಪರೀಕ್ಷೆಗಳನ್ನು ತಜ್ಞರೇ ಮಾಡಬೇಕು. ರೈತರು ತಾವೇ ಬಣ್ಣವನ್ನಾಗಲಿ ಉಪ್ಪನ್ನಾಗಲಿ ಬಾವಿಗೆ ಸುರಿಯಬಾರದು. ಆದರೆ ಇದರ ತತ್ವದಿಂದ ಎರಡು ಪಾಠಗಳನ್ನು ಕಲಿಯಬಹುದು.

ಮೊದಲನೆಯದಾಗಿ, ಬಂಡೆಯ ಬಿರುಕುಗಳಿಗೆ ಹೊಲದ ಬದುವಿನ ಗುರುತಿಲ್ಲ. ಒಬ್ಬರು ಇಂಗಿಸಿದ ನೀರು ಇನ್ನೊಬ್ಬರಿಗೆ ಸೇರುವುದು ಸಹಜ. ಆದ್ದರಿಂದ ಮರುಪೂರಣವನ್ನು ಒಂದು ಬಾವಿಯ ಲೆಕ್ಕದಲ್ಲಿ ನೋಡದೆ ಇಡೀ ಜಲಾನಯನದ ರೈತರು ಕೂಡಿ ಮಾಡಿದರೆ ಎಲ್ಲರಿಗೂ ಲಾಭ.

ಎರಡನೆಯದಾಗಿ, ಬಿರುಕಿನಲ್ಲಿ ಹರಿಯುವ ನೀರು ಮಣ್ಣಿನಲ್ಲಿ ಸೋಸಿದಂತೆ ಸೋಸುವುದಿಲ್ಲ. ಡ್ಯಾನ್ಯೂಬಿನ ಬಣ್ಣ ಎರಡೂವರೆ ದಿನಗಳಲ್ಲಿ 12 ಕಿಲೋಮೀಟರ್ ಹೋದಂತೆ, ಇಂಗುಗುಂಡಿಯ ಬಳಿ ತೊಳೆದ ಕೀಟನಾಶಕದ ಡಬ್ಬಿಯ ನೀರೂ ಕುಡಿಯುವ ನೀರಿನ ಬಾವಿಗೆ ಇಳಿಯಬಹುದು. ವ್ಯತ್ಯಾಸವೆಂದರೆ ಅದಕ್ಕೆ ಹಸಿರು ಬಣ್ಣವಿರುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ:

• ಔಷಧಿ ಸಿಂಪಡಿಸುವ ಪಂಪುಗಳನ್ನೂ ಡಬ್ಬಿಗಳನ್ನೂ ಬಾವಿ ಮತ್ತು ಇಂಗುಗುಂಡಿಗಳಿಂದ ದೂರದಲ್ಲಿ ತೊಳೆಯಬೇಕು.

• ಗೊಬ್ಬರದ ಗುಂಡಿ, ಕೊಟ್ಟಿಗೆ ಮತ್ತು ಶೌಚಾಲಯಗಳ ನೀರು ಇಂಗುಗುಂಡಿಗೆ ಹರಿದು ಬಾರದಂತೆ ಬದು ಹಾಕಬೇಕು.

• ಕೊಳವೆ ಬಾವಿಗೆ ನೀರು ಇಂಗಿಸುವಾಗ ಜಲ್ಲಿ ಮತ್ತು ಮರಳಿನ ಸೋಸುವ ಪದರ ಕಡ್ಡಾಯವಾಗಿ ಇರಬೇಕು, ಮಳೆಗಾಲಕ್ಕೆ ಮುನ್ನ ಅದನ್ನು ಶುಚಿಗೊಳಿಸಬೇಕು. ಕರಗಿದ ವಿಷವನ್ನು ಈ ಪದರ ತಡೆಯಲಾರದು ಎಂಬುದನ್ನೂ ನೆನಪಿಡಬೇಕು.

• ಕೈಬಿಟ್ಟ ಕೊಳವೆ ಬಾವಿಗಳ ಬಾಯಿಯನ್ನು ಭದ್ರವಾಗಿ ಮುಚ್ಚಬೇಕು.

ನೆಲದೊಳಗೆ ಬಿಟ್ಟದ್ದು ಎಲ್ಲಾದರೂ ಒಂದು ಕಡೆ ಹೊರಗೆ ಬಂದೇ ಬರುತ್ತದೆ. ಬಿಸಿನೀರಿನ ನೆಲೆಗಳಲ್ಲಿ ಜಾಡು ವಸ್ತು ತೋರಿಸಿಕೊಟ್ಟ ಈ ಸತ್ಯವನ್ನು ರೈತ ಬಾಂಧವರು ತಮ್ಮ ಬಾವಿಗಳಿಗೂ ಅನ್ವಯಿಸಿಕೊಂಡು, ಇಂಗಿಸುವ ನೀರಿನ ಪ್ರಮಾಣಕ್ಕೆ ಕೊಡುವಷ್ಟೇ ಗಮನವನ್ನು ಅದರ ಶುದ್ಧತೆಗೂ ಕೊಡುವುದು ಅಗತ್ಯ.